ಹಳದಿ ಮಲ್ಟಿಮೀಟರ್: ಬೈಕಿನ ಬ್ಯಾಟರಿ ನೋಡಲು ಇಷ್ಟು ಸಾಕಾ?

ಎಲೆಕ್ಟ್ರಿಷಿಯನ್‌ಗಳ ಚೀಲದಲ್ಲಿ, ಡಿಪ್ಲೊಮಾ ಓದುವ ಹುಡುಗರ ಬ್ಯಾಗಿನಲ್ಲಿ ವೋಲ್ಟ್, ಕರೆಂಟು ಅಳೆಯುವ ಒಂದು ಸಣ್ಣ ಹಳದಿ ಮಲ್ಟಿಮೀಟರ್ ಇರುತ್ತದಲ್ಲ, ಡಿಟಿ 830ಡಿ ಅನ್ನುವ ಮಾದರಿ, ಅದರ ಬಗ್ಗೆ ಹೇಳುತ್ತೇನೆ. ನಾನು ತಂದಿದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ, 200 ರೂಪಾಯಿ ಆಸುಪಾಸು. ಬಿಲ್ಲೂ ಇಲ್ಲ, ವಾರಂಟಿಯೂ ಇಲ್ಲ. ಇದೇ ಮಾದರಿಯನ್ನು ಹತ್ತಾರು ಕಡೆ ತಯಾರಿಸುತ್ತಾರೆ, ಹಾಗಾಗಿ ಒಂದರಂತೆ ಇನ್ನೊಂದು ಇರುವುದಿಲ್ಲ. ಮನೆಯ ವೈರಿಂಗಿಗೆ ನಾನು ಇದನ್ನು ಮುಟ್ಟಿಸುವುದಿಲ್ಲ, 230 ವೋಲ್ಟಿಗೆ ಇದರ ಮೇಲೆ ನಂಬಿಕೆ ಇಲ್ಲ. ಬೈಕಿಗೆ ಮಾತ್ರ.

ಬೈಕಿಗೆ ಯಾಕೆ ಬೇಕು ಅಂದರೆ, ನನ್ನ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಗೆ ಕಿಕ್ಕರ್ ಇಲ್ಲ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಆಫ್ ಮಾಡುವ ಸ್ವಿಚ್ಚೂ ಹೋಯಿತು. 2020ರಲ್ಲಿ ಬಿಎಸ್6 ಬಂದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಕಾರ್ಬುರೇಟರ್ ಜಾಗಕ್ಕೆ ಇಂಜೆಕ್ಷನ್ ಬಂತು. ಪೆಟ್ರೋಲ್ ಪಂಪಿಗೂ ಕರೆಂಟು, ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಯುಗೂ ಕರೆಂಟು. ಬ್ಯಾಟರಿ ಪೂರ್ತಿ ಸತ್ತರೆ ಇಳಿಜಾರಿನಲ್ಲಿ ತಳ್ಳಿದರೂ ಸ್ಟಾರ್ಟ್ ಆಗುವುದು ಅನುಮಾನ. ತೀರ್ಥಹಳ್ಳಿಯ ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ಕೊಟ್ಟಿಗೆಯಲ್ಲೇ ನಿಲ್ಲುತ್ತದೆ, ಕೇಳಬೇಕಾ!

ಈ ಮೀಟರಿನಲ್ಲಿ ನನಗೆ ಜಾಸ್ತಿ ಬೇಕಾಗುವುದು ಡಿಸಿ 20 ವೋಲ್ಟ್ ರೇಂಜ್. ಕೆಂಪು ಪ್ರೋಬ್ (ಮೀಟರಿನ ವೈರಿನ ತುದಿಯ ಕಡ್ಡಿ) ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಗಾಡಿ ಓಡಿಸಿ ಬಂದ ತಕ್ಷಣ ನೋಡಬೇಡಿ, ಆಗ ಎಲ್ಲ ಬ್ಯಾಟರಿಯೂ ಚೆನ್ನಾಗಿಯೇ ತೋರಿಸುತ್ತದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿದರೆ ನಿಜ ಗೊತ್ತಾಗುತ್ತದೆ. 12.6ರಿಂದ 12.8 ಇದ್ದರೆ ಫುಲ್ ಚಾರ್ಜ್. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಇಳಿದರೆ ಚಾರ್ಜಿಗೆ ಹಾಕಲೇಬೇಕು.

ಆದರೆ ಈ ಒಂದು ಅಂಕಿ ನೋಡಿ ಬ್ಯಾಟರಿ ಚೆನ್ನಾಗಿದೆ ಅನ್ನುವ ಹಾಗಿಲ್ಲ. ಹಳೇ ಬ್ಯಾಟರಿ ಸುಮ್ನೆ ಕೂತಾಗ 12.6 ತೋರಿಸಿ, ಸೆಲ್ಫ್ ಒತ್ತಿದ ಕೂಡಲೇ 8ಕ್ಕೆ ಬೀಳಬಹುದು. ಅದಕ್ಕೇ ಪ್ರೋಬ್ ಹಿಡಿದುಕೊಂಡೇ ಇನ್ನೊಬ್ಬರಿಂದ ಸೆಲ್ಫ್ ಒತ್ತಿಸಬೇಕು. ಇಂಜಿನ್ ತಿರುಗುವಾಗ 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯ ಕಥೆ ಮುಗಿಯುತ್ತಾ ಬಂದಿದೆ ಅಂತ ಲೆಕ್ಕ, ಅದು ಮೊದಲೇ ಫುಲ್ ಚಾರ್ಜ್ ಆಗಿದ್ದರೆ ಮಾತ್ರ.

ಈ ಮೀಟರ್ ತನ್ನ ಬೆಲೆ ತೀರಿಸಿದ್ದು ಇಲ್ಲೇ. ಸೆಲ್ಫ್ ಒತ್ತಿದರೆ ಸ್ಟಾರ್ಟರ್ ನರಳುತ್ತಾ ತಿರುಗುತ್ತಿತ್ತು. ಗ್ಯಾರೇಜಿನವರು ಸೀಟು ಕೂಡ ತೆಗೆಯದೆ, 'ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಬಿಡಿ' ಅಂದರು. ಮನೆಗೆ ತಂದು ನೋಡಿದರೆ ನಿಂತಾಗ 12.6. ಸರಿ, ಅಕ್ಕನ ಮಗನಿಂದ ಸೆಲ್ಫ್ ಒತ್ತಿಸಿದೆ. 11.5. ಅದಕ್ಕಿಂತ ಕೆಳಗೆ ಬರಲೇ ಇಲ್ಲ! ಸ್ಟಾರ್ಟರ್ ಸೊರಗಿದೆ, ಬ್ಯಾಟರಿಗೆ ಮಾತ್ರ ಏನೂ ಆಯಾಸ ಇಲ್ಲ. ಅಂದರೆ ದಾರಿಯಲ್ಲಿ ಎಲ್ಲೋ ಕರೆಂಟಿಗೆ ತಡೆ ಇದೆ ಅಂತ ಅರ್ಥ, ಅಲ್ವಾ? ಆಮೇಲೆ ಒಂದು ಪ್ರೋಬನ್ನು ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೆ, ಇನ್ನೊಂದನ್ನು ಇಂಜಿನ್ ಬಾಡಿಗೆ ಒತ್ತಿ ಹಿಡಿದು ಮತ್ತೆ ಸೆಲ್ಫ್. ಎರಡೂ ಅರ್ತ್ ತಾನೇ, ಹೆಚ್ಚೆಂದರೆ 0.2, 0.3 ವೋಲ್ಟ್ ಬರಬೇಕು. ಬಂದಿದ್ದು 1.6.

ಅರ್ತ್ ವೈರಿನ ಬೋಲ್ಟ್ ಬಿಚ್ಚಿದೆ. ರಿಂಗಿನ ಕೆಳಗೆ ಹಸಿರು ಪುಡಿ, ಇಡೀ ಜೂನ್ ತಿಂಗಳ ಮಳೆ ಅಲ್ಲೇ ಕೂತಿತ್ತು. ಸ್ಯಾಂಡ್ ಪೇಪರ್ ಹಾಕಿ ತಿಕ್ಕಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿದೆ. ಒಂದೇ ಒತ್ತಿಗೆ ಸ್ಟಾರ್ಟ್. ಪ್ಲಸ್ ಕಡೆಯೂ ಹೀಗೇ ನೋಡಬಹುದು. ಸೆಲ್ಫ್ ಒತ್ತಿದಾಗ ಸ್ಟಾರ್ಟರಿಗೆ ಕರೆಂಟು ಬಿಡುವ ಸ್ವಿಚ್ಚಾದ ಸ್ಟಾರ್ಟರ್ ರಿಲೇಯ ಎರಡು ದಪ್ಪ ಟರ್ಮಿನಲ್‌ಗಳಿಗೆ ಪ್ರೋಬ್ ಇಟ್ಟು ಸೆಲ್ಫ್ ಒತ್ತಿದಾಗ ಅಲ್ಲಿ ಜಾಸ್ತಿ ವೋಲ್ಟ್ ತೋರಿಸಿದರೆ ರಿಲೇ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಟಕ್ ಅನ್ನುವ ಸದ್ದೇ ಬರದಿದ್ದರೆ ಮೊದಲು ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್, ಫ್ಯೂಸ್ ನೋಡಿ. ಅದಕ್ಕೆಲ್ಲ ಮೀಟರಿನ ಕಂಟಿನ್ಯುಯಿಟಿ ಬಜರ್ (ದಾರಿ ತುಂಡಾಗದಿದ್ದರೆ ಬೀಪ್ ಅನ್ನುತ್ತದೆ) ಸಾಕು.

ಚಾರ್ಜಿಂಗ್ ನೋಡುವುದು ಸುಲಭ. ಇಂಜಿನ್ ಚಾಲೂ ಇಟ್ಟು ಸ್ವಲ್ಪ ರೇಸ್ ಕೊಟ್ಟಾಗ 13.5ರಿಂದ 14.8ರ ಒಳಗೆ ಇರಬೇಕು. ಮೇಲೇರದೆ 12.5ರಲ್ಲೇ ನಿಂತರೆ ಕರೆಂಟು ಹುಟ್ಟಿಸುವ ಸ್ಟೇಟರ್ ಕಾಯಿಲ್, ಅದನ್ನು ಡಿಸಿ ಮಾಡುವ ರೆಕ್ಟಿಫೈಯರ್ ಅಥವಾ ನಡುವಿನ ಕಪ್ಲರ್ (ವೈರ್ ಜೋಡಣೆ) ಕೆಟ್ಟಿರಬಹುದು. 15 ದಾಟಿದರೆ ವೋಲ್ಟೇಜ್ ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಬೇಯಿಸುತ್ತಿದೆ.

ಈಗ ದೂರುಗಳು. ಪ್ರೋಬ್ ವೈರು ನೂಡಲ್ಸ್ ಥರ, ಬುಡದಲ್ಲಿ ಬೇಗ ಮುರಿಯುತ್ತದೆ. ಡಿಸ್‌ಪ್ಲೇಗೆ ಲೈಟಿಲ್ಲ, ಕೊಟ್ಟಿಗೆಯ ಕತ್ತಲೆಯಲ್ಲಿ ಮೊಬೈಲ್ ಬಾಯಲ್ಲಿ ಕಚ್ಚಿಕೊಳ್ಳಬೇಕು. ತಾನಾಗಿ ಆಫ್ ಆಗುವುದಿಲ್ಲ. ಒಳಗಿನ 9 ವೋಲ್ಟ್ ಬ್ಯಾಟರಿ ಇಳಿದಾಗ ರೀಡಿಂಗ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಸತ್ತ ಬ್ಯಾಟರಿಗೂ ಫುಲ್ ಮಾರ್ಕ್ಸ್ ಕೊಟ್ಟುಬಿಡುತ್ತದೆ, ಇದು ನನ್ನ ಪ್ರಕಾರ ದೊಡ್ಡ ದೋಷ. ಆ 9 ವೋಲ್ಟ್ ಬ್ಯಾಟರಿ ಬದಲಿಸೋಣ ಅಂದರೆ ಹಿಂದಿನ ಸ್ಕ್ರೂ ಬಿಚ್ಚಬೇಕು. ಅಂಕಿಗಳು ನಿಧಾನವಾಗಿ ಬದಲಾಗುವುದರಿಂದ ಸೆಲ್ಫ್ ಒತ್ತಿದಾಗಿನ ತೀರಾ ಕೆಳಗಿನ ವೋಲ್ಟೇಜ್ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೊಂದು ಅಪಾಯದ್ದು. ಬ್ಯಾಟರಿಯ ಚಾರ್ಜ್ ಸುಮ್ನೆ ಸೋರುತ್ತಿದೆಯಾ ಅಂತ ನೋಡಲು ಮೈನಸ್ ವೈರ್ ಬಿಚ್ಚಿ, ಅದಕ್ಕೂ ಟರ್ಮಿನಲ್ಲಿಗೂ ನಡುವೆ ಮೀಟರ್ ಹಾಕುತ್ತೇವೆ. ಈ ಮೀಟರಿನ 10 ಆಂಪ್ ಸಾಕೆಟ್ಟಿಗೆ ಫ್ಯೂಸ್ ಇಲ್ಲ. ಹಾಗೆ ಹಾಕಿದಾಗ ಯಾರಾದರೂ ಸೆಲ್ಫ್ ಒತ್ತಿದರೆ ಮೀಟರೂ ಹೋಗುತ್ತದೆ, ಕೈಯೂ ಸುಡಬಹುದು. ಕೀ ತೆಗೆದು ಜೇಬಿಗೆ ಹಾಕಿಕೊಂಡೇ ಈ ಕೆಲಸಕ್ಕೆ ಕೂರಿ. ಕೀ ಆಫ್ ಇದ್ದಾಗ ಕೆಲವೇ ಮಿಲಿಆಂಪ್ ಬಂದರೆ ತೊಂದರೆಯಿಲ್ಲ. 50 ಮಿಲಿಆಂಪ್ ಬಂದರೆ 5 ಆಂಪಿಯರ್-ಅವರ್ ಬ್ಯಾಟರಿ 100 ಗಂಟೆಯಲ್ಲಿ ಖಾಲಿ. ಆಮೇಲೆ ಕೂಡಿಸಿದ ಅಲಾರಂ, ಜಿಪಿಎಸ್, ಮೊಬೈಲ್ ಚಾರ್ಜರ್ ಇದ್ದರೆ ಮೊದಲು ಅವನ್ನೇ ಅನುಮಾನಿಸಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ದಿನಾ ಹತ್ತು ಗಾಡಿ ನೋಡುವವರು ಇದನ್ನು ಕೊಳ್ಳಬೇಡಿ. ಅವರಿಗೆ ಮಿನಿಮಮ್ ರೀಡಿಂಗ್ ಹಿಡಿದಿಡುವ ಮೀಟರ್ ಬೇಕು, ಜೊತೆಗೆ ಬ್ಯಾಟರಿಗೆ ಭಾರ ಕೊಟ್ಟು ಪರೀಕ್ಷಿಸುವ ಲೋಡ್ ಟೆಸ್ಟರ್ ಇದ್ದರೆ ಒಳ್ಳೆಯದು. ಮನೆಯಲ್ಲಿ ಒಂದೆರಡು ಬೈಕ್ ಇರುವವರು ಧೈರ್ಯವಾಗಿ ತೆಗೆದುಕೊಳ್ಳಿ. ದಪ್ಪ ಸಿಲಿಕೋನ್ ವೈರಿನ ಪ್ರೋಬ್ ಒಂದು ಜೊತೆ, ಮತ್ತೆ ಹೆಸರಾದ ಕಂಪನಿಯ 9 ವೋಲ್ಟ್ ಬ್ಯಾಟರಿ, ಎರಡನ್ನೂ ಅದೇ ಅಂಗಡಿಯಲ್ಲಿ ಕೇಳಿ. ಎರಡೂ ಸೇರಿದರೆ ಮೀಟರಿನಷ್ಟೇ ದುಡ್ಡಾಗುತ್ತದೆ, ಆದರೂ ಕೊಡಿ.