ದಾವಣಗೆರೆಯ ಎಂಆರ್‌ಐ ಕೇಂದ್ರವೊಂದರ ಸೇವೆ: ಕರೆಂಟ್ ಹೋದರೂ ಆರದ ಕಾಂತ

ದಾವಣಗೆರೆಯ ಖಾಸಗಿ ಎಂಆರ್‌ಐ ಕೇಂದ್ರವೊಂದರಲ್ಲಿ ತಂದೆಯವರ ಬೆನ್ನುಮೂಳೆಯ ಸ್ಕ್ಯಾನ್ ಮಾಡಿಸಿದ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಚಿತ್ರದುರ್ಗ, ಜಗಳೂರು, ಹರಪನಹಳ್ಳಿಯ ಕಡೆಗಳಿಂದ ಚಿಕಿತ್ಸೆಗೆಂದು ಈ ಊರಿಗೆ ಬರುವವರಲ್ಲಿ ಹಲವರು ಇದನ್ನೂ ಎಕ್ಸ್‌ರೇಯಂಥ ಯಂತ್ರವೆಂದೇ ತಿಳಿದಿರುತ್ತಾರೆ. ಹಾಗಲ್ಲ, ಪ್ರಬಲ ಕಾಂತದ ನೆರವಿನಿಂದ ದೇಹದೊಳಗಿನ ಚಿತ್ರ ತೆಗೆಯುವ ಯಂತ್ರ ಇದೆಂಬುದನ್ನು ಇಲ್ಲಿಯ ತಂತ್ರಜ್ಞರು ಎಲ್ಲರಿಗೂ ತಾಳ್ಮೆಯಿಂದ, ಕನ್ನಡದಲ್ಲೇ ವಿವರಿಸುತ್ತಾರೆ. ಈ ಕೇಂದ್ರದ ದೊಡ್ಡ ಗುಣ ಇದೇ.

ನಾವು ಕಾಯುತ್ತಿದ್ದಾಗ ಕರೆಂಟ್ ಹೋಯಿತು. ಯಂತ್ರ ನಿಂತಿತೆಂದು ಭಾವಿಸಿ ರೋಗಿಯೊಬ್ಬರ ಸಂಬಂಧಿಕರು ಕಬ್ಬಿಣದ ಗಾಲಿಕುರ್ಚಿಯನ್ನು ಒಳಕ್ಕೆ ತಳ್ಳಲು ಹೊರಟಾಗ ತಂತ್ರಜ್ಞರು ಬಾಗಿಲಲ್ಲೇ ತಡೆದು, ಕಾಂತ ಈಗಲೂ ಪೂರ್ಣ ಬಲದಲ್ಲಿದೆ ಎಂದರು. ಆ ಮಾತು ಅಕ್ಷರಶಃ ನಿಜ. ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆಂಬುದನ್ನು ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ 1820ರಲ್ಲೇ ಕಂಡಿದ್ದರು. ತಂತಿಯನ್ನು ಸುರುಳಿಯಾಗಿ ಸುತ್ತಿದರೆ ಪ್ರತಿಯೊಂದು ಸುತ್ತಿನ ಕ್ಷೇತ್ರವೂ ಕೂಡಿಕೊಂಡು ನಡುವಿನಲ್ಲಿ ಪ್ರಬಲವಾಗುತ್ತದೆ. ಆದರೆ ಈ ಯಂತ್ರದ 1.5 ಟೆಸ್ಲಾ ಬಲವನ್ನು, ಅಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟನ್ನು, ಮನುಷ್ಯ ಮಲಗುವಷ್ಟು ಅಗಲದ ತಾಮ್ರದ ಸುರುಳಿಯಿಂದ ಸದಾಕಾಲ ಪಡೆಯಹೊರಟರೆ ಪ್ರವಾಹಕ್ಕೆ ತಂತಿ ಒಡ್ಡುವ ತಡೆಯಿಂದ, ಅಂದರೆ ರೋಧದಿಂದ, ಅಪಾರ ವಿದ್ಯುತ್ ಶಾಖವಾಗಿ ಪೋಲಾಗುತ್ತದೆ. ಆದ್ದರಿಂದ ಇಲ್ಲಿ ನಿಯೋಬಿಯಂ-ಟೈಟಾನಿಯಂ ಮಿಶ್ರಲೋಹದ ತಂತಿಯನ್ನು ದ್ರವ ಹೀಲಿಯಂನಲ್ಲಿ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿರುತ್ತಾರೆ. ಆ ಚಳಿಯಲ್ಲಿ ತಂತಿ ಅತಿವಾಹಕವಾಗುತ್ತದೆ: ಡಚ್ ವಿಜ್ಞಾನಿ ಕಾಮರ್ಲಿಂಗ್ ಒನ್ನೆಸ್ 1911ರಲ್ಲಿ ಪಾದರಸದಲ್ಲಿ ಕಂಡಂತೆ, ರೋಧವೇ ಇಲ್ಲವಾಗುತ್ತದೆ. ಯಂತ್ರವನ್ನು ಸ್ಥಾಪಿಸುವಾಗ ನೂರಾರು ಆಂಪಿಯರ್ ಪ್ರವಾಹವನ್ನು ತುಂಬಿ, ಸುರುಳಿಯ ತುದಿಗಳನ್ನು ಅತಿವಾಹಕದಿಂದಲೇ ಬೆಸೆದು, ಹೊರಗಿನ ವಿದ್ಯುತ್ತನ್ನು ಕಳಚಿಬಿಡುತ್ತಾರೆ. ತಂಪು ಇರುವವರೆಗೆ ಆ ಪ್ರವಾಹವೂ ಅದರ ಕಾಂತಕ್ಷೇತ್ರವೂ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತವೆ.

ಸ್ಕ್ಯಾನ್ ವೇಳೆಯ ಬಡಿತದ ಸದ್ದು ಈ ಅತಿವಾಹಕ ಸುರುಳಿಯದಲ್ಲ. ಕ್ಷೇತ್ರವನ್ನು ಸ್ಥಳದಿಂದ ಸ್ಥಳಕ್ಕೆ ತುಸು ಬದಲಿಸುವ ಬೇರೆ ಸುರುಳಿಗಳಲ್ಲಿ ಪ್ರವಾಹ ಥಟ್ಟನೆ ಏರಿಳಿದಾಗ ಅವು ಮುಖ್ಯ ಕ್ಷೇತ್ರದೊಳಗೆ ಅದುರುವುದರಿಂದ ಆ ಸದ್ದು ಬರುತ್ತದೆ. ಸದ್ದು ನಿಂತ ಮಾತ್ರಕ್ಕೆ ಕಾಂತ ನಿಂತಿತೆಂದು ತಿಳಿಯುವುದು ಅಪಾಯಕರ. ಕಿವಿಗೆ ರಕ್ಷಣೆಯನ್ನು ನಾವು ಕೇಳುವ ಮೊದಲೇ ಕೊಟ್ಟರು. ಪೇಸ್‌ಮೇಕರ್, ಹಳೆಯ ಶಸ್ತ್ರಚಿಕಿತ್ಸೆ, ಕಣ್ಣಿಗೆ ಎಂದಾದರೂ ಲೋಹದ ಚೂರು ಸಿಡಿದಿತ್ತೇ ಎಂಬುದನ್ನೆಲ್ಲ ಒಂದೊಂದಾಗಿ ವಿಚಾರಿಸಿದರು.

ಇಷ್ಟು ಜಾಗರೂಕ ಕೇಂದ್ರದಲ್ಲಿ ಬಾಗಿಲ ಮೇಲಿನ ಎಚ್ಚರಿಕೆಯ ಫಲಕ ಮಾತ್ರ ಇಂಗ್ಲಿಷಿನಲ್ಲಿದೆ. ಒಪ್ಪಿಗೆ ಪತ್ರವೂ ಹಾಗೆಯೇ. ಇದು ಸಣ್ಣ ಕೊರತೆಯೆಂದು ನಾನು ಒಪ್ಪಲಾರೆ. ಗಾಲಿಕುರ್ಚಿ ತಳ್ಳಿದವರಿಗೆ ಆ ಫಲಕ ಓದಲು ಬಂದಿದ್ದರೆ ತಂತ್ರಜ್ಞರು ಓಡಿಬರಬೇಕಾಗುತ್ತಿರಲಿಲ್ಲ. ಕಾಯುವ ಜಾಗ ಇಕ್ಕಟ್ಟು. ಚಿತ್ರಗಳು ಸ್ಪಷ್ಟವಾಗಿದ್ದವು, ವರದಿ ಅಂದೇ ಸಂಜೆ ಕೈಸೇರಿತು. ಬೆನ್ನು, ಮಂಡಿ, ಮೆದುಳಿನ ಸ್ಕ್ಯಾನ್ ಬೇಕಾದವರಿಗೆ ಈ ಕೇಂದ್ರವನ್ನು ನಾನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಹಳೆಯ ಶಸ್ತ್ರಚಿಕಿತ್ಸೆಯ ದಾಖಲೆಗಳನ್ನು ಮರೆಯದೆ ಜೊತೆಗೆ ಒಯ್ಯಿರಿ, ಕನ್ನಡದ ಫಲಕಕ್ಕಾಗಿ ನೀವೂ ಕೇಳಿರಿ.