ಲಿನಕ್ಸ್‌ನಲ್ಲಿ ಚೀನೀ ಟೈಪಿಂಗ್: ಫೈಟಿಕ್ಸ್ 5 ಒಳ್ಳೆಯದೇ, ಒಳಗೆ ಹೋಗುವ ದಾರಿ ಮಾತ್ರ ಗೋಜಲು

ನೇರವಾಗಿ ಹೇಳಿಬಿಡುತ್ತೇನೆ. ಐಬಸ್ (IBus), ಫೈಟಿಕ್ಸ್ (Fcitx) ಅಂದರೆ ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಲು ನೆರವಾಗುವ ತಂತ್ರಾಂಶಗಳು. ಉಬುಂಟು ಅನ್ನುವ ಲಿನಕ್ಸ್ ಇದ್ದವರು ಅದರಲ್ಲೇ ಬರುವ ಐಬಸ್ ಸಾಕು ಅಂದುಕೊಂಡು ಆರಾಮಾಗಿರಿ. ಮಿಂಟ್ ಅನ್ನುವ ಲಿನಕ್ಸ್ ಅಥವಾ ಕೆಡಿಇ ಅನ್ನುವ ಡೆಸ್ಕ್‌ಟಾಪ್ ಇದ್ದವರು ಫೈಟಿಕ್ಸ್ 5 ಹಾಕಿಕೊಳ್ಳಿ. ಎರಡೂ ಪುಕ್ಕಟೆ, ಎರಡೂ ಮುಕ್ತ ತಂತ್ರಾಂಶ. ಆದರೆ ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಓಡಿಸಲು ಹೋಗಬೇಡಿ. ಒಂದು ವಿಡಿಯೋ ನೋಡಿ ಅದನ್ನು, ಇನ್ನೊಂದು ವಿಡಿಯೋ ನೋಡಿ ಇದನ್ನು ಹಾಕಿದವರ ಲ್ಯಾಪ್‌ಟಾಪೇ ಕೊನೆಗೆ ರಿಪೇರಿಗೆ ನನ್ನ ಕೈಗೆ ಬರುವುದು.

ಶಿರಸಿಯಲ್ಲಿ ಚೀನೀ ಭಾಷೆ ಯಾರಿಗೆ ಬೇಕು ಮಾರಾಯ್ರೇ ಅಂತ ಕೇಳಬೇಡಿ, ಬೇಕು. ನನ್ನ ಅಕ್ಕನ ಮಗಳು ಆನ್‌ಲೈನ್ ಕ್ಲಾಸಿನಲ್ಲಿ ಕಲಿಯುತ್ತಿದ್ದಾಳೆ, ಎಚ್‌ಎಸ್‌ಕೆ ಅನ್ನುವ ಚೀನೀ ಭಾಷಾ ಪರೀಕ್ಷೆ ಬರೆಯುವ ಆಸೆ. ಆ ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆದರೆ ಮೂರನೇ ಹಂತದಿಂದ ಅಕ್ಷರ ಟೈಪ್ ಮಾಡಲೇಬೇಕು. ಕಾರವಾರದಲ್ಲಿ ಒಬ್ಬ ಸ್ನೇಹಿತರು ಚೀನಾದಿಂದ ಮಷಿನ್ ಬಿಡಿಭಾಗ ತರಿಸುತ್ತಾರೆ, ಅವರಿಗೆ ಭಾಗದ ಹೆಸರನ್ನು ಚೀನೀ ಲಿಪಿಯಲ್ಲೇ ಹುಡುಕಬೇಕು. ಇಬ್ಬರದ್ದೂ ಹಳೆಯ ಲ್ಯಾಪ್‌ಟಾಪ್, ಇಬ್ಬರದ್ದೂ ಲಿನಕ್ಸ್.

ಮೊದಲು ಇದು ಹೇಗೆ ನಡೆಯುತ್ತದೆ ಅಂತ ತಿಳಿದುಕೊಳ್ಳಿ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ಸಾವಿರಾರು ಅಕ್ಷರಗಳಿಗೆ ಕೀಬೋರ್ಡಿನಲ್ಲಿ ಜಾಗ ಎಲ್ಲಿದೆ? ಅದಕ್ಕೆ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುವುದು, ಕೆಳಗೆ ಬರುವ ಪಟ್ಟಿಯಿಂದ ಬೇಕಾದದ್ದನ್ನು ಆರಿಸುವುದು. ಹೀಗೆ ಉಚ್ಚಾರ ಬರೆಯುವ ಪದ್ಧತಿಯೇ ಪಿನ್‌ಯಿನ್, ಚೀನಾ 1958ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡದ್ದು. ಉಬಿ, ಚಾಂಗ್‌ಜಿಯೆ ಅಂತ ಅಕ್ಷರದ ಆಕಾರ ನೋಡಿ ಒತ್ತುವ ಪದ್ಧತಿಗಳೂ ಇವೆ. ಹೊಸಬರು ಅತ್ತ ತಲೆ ಹಾಕುವುದು ಬೇಡ. ಇನ್ನು ಪಿನ್‌ಯಿನ್ ಬಲ್ಲ ಭಾಗವೇ ಬೇರೆ, ಅದನ್ನು ನಿಮ್ಮ ಬ್ರೌಸರಿಗೂ ಲಿಬ್ರೆಆಫೀಸಿಗೂ ತಲುಪಿಸುವ ಭಾಗವೇ ಬೇರೆ. ಐಬಸ್, ಫೈಟಿಕ್ಸ್ ಅನ್ನುವುದು ಈ ತಲುಪಿಸುವ ಭಾಗ. ಹಾಗಾಗಿ ಬರೀ ಫೈಟಿಕ್ಸ್ ಹಾಕಿ ಕೂತರೆ ಚೀನೀ ಬರುವುದಿಲ್ಲ, ‘ಚೈನೀಸ್ ಆಡಾನ್ಸ್’ ಅನ್ನುವ ಪ್ಯಾಕೇಜೂ ಜೊತೆಗೆ ಬೇಕು. ಐಬಸ್‌ಗಾದರೆ ‘ಲಿಬ್‌ಪಿನ್‌ಯಿನ್’.

ಉಬುಂಟುವಿನಲ್ಲಿ ಕೆಲಸ ಸುಲಭ. ಭಾಷೆಯ ಸೆಟ್ಟಿಂಗ್‌ನಲ್ಲಿ ಸರಳೀಕೃತ ಚೀನೀ ಇನ್‌ಸ್ಟಾಲ್ ಮಾಡಿ, ಲಾಗೌಟ್ ಆಗಿ ವಾಪಸ್ ಬನ್ನಿ, ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ‘ಇಂಟೆಲಿಜೆಂಟ್ ಪಿನ್‌ಯಿನ್’ ಸೇರಿಸಿ. ಸೂಪರ್ ಕೀ (ವಿಂಡೋಸ್ ಚಿಹ್ನೆ ಇರುವ ಕೀ) ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಲಾಗೌಟ್ ಮಾಡದೆ ಹುಡುಕಿದರೆ ಆ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ, ಇನ್‌ಸ್ಟಾಲ್ ಆಗಲಿಲ್ಲ ಅಂತ ಮತ್ತೆ ಮೊದಲಿಂದ ಶುರು ಮಾಡುತ್ತಾರೆ ಜನ. ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲೂ ಫೈಟಿಕ್ಸ್ ಹಾಕಬಹುದು. ಆದರೆ ಅದರ ಪಟ್ಟಿ ಸರಿಯಾಗಿ ಕಾಣಲು ಬೇರೆ ಎಕ್ಸ್‌ಟೆನ್ಶನ್ ಹುಡುಕಿ ಹಾಕಬೇಕು, ಅಷ್ಟೆಲ್ಲ ಯಾಕೆ?

ಮಿಂಟ್‌ನಲ್ಲಿ ಮೆನುವಿನೊಳಗೆ ‘ಇನ್‌ಪುಟ್ ಮೆಥಡ್’ ಅಂತ ಒಂದು ಇದೆ, ಯಾವುದನ್ನು ಓಡಿಸಬೇಕು ಅಂತ ಅಲ್ಲಿ ಆರಿಸಬೇಕು. ಫೈಟಿಕ್ಸ್ 5 ಮತ್ತು ಆಡಾನ್ಸ್ ಇನ್‌ಸ್ಟಾಲ್ ಮಾಡಿ, ಅದನ್ನೇ ಅಲ್ಲಿ ಆರಿಸಿ, ಲಾಗೌಟ್. ವಾಪಸ್ ಬಂದಾಗ ಕೆಳಗಿನ ಪಟ್ಟಿಯಲ್ಲಿ ಪುಟ್ಟ ಕೀಬೋರ್ಡ್ ಚಿತ್ರ ಬಂದಿರುತ್ತದೆ. ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ಆಮೇಲಿನದ್ದೇ ತಲೆಬಿಸಿ. ಅದರ ಕಾನ್ಫಿಗರೇಶನ್ ತೆರೆದರೆ ಎರಡು ಪಟ್ಟಿ ಕಾಣುತ್ತದೆ, ಎಡಕ್ಕೆ ಈಗ ಬಳಕೆಯಲ್ಲಿ ಇರುವುದು, ಬಲಕ್ಕೆ ಸೇರಿಸಬಹುದಾದದ್ದು. ಬಲಗಡೆ ಪಿನ್‌ಯಿನ್ ಇರುವುದೇ ಇಲ್ಲ! ಕಾರಣ ಏನಪ್ಪಾ ಅಂದರೆ ‘ಓನ್ಲಿ ಶೋ ಕರೆಂಟ್ ಲ್ಯಾಂಗ್ವೇಜ್’ ಅನ್ನುವ ಸಾಲಿನ ಮುಂದೆ ಮೊದಲೇ ಟಿಕ್ ಬಿದ್ದಿರುತ್ತದೆ. ನಿಮ್ಮ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಇದೆ, ಹಾಗಾಗಿ ಅದು ಚೀನೀಯನ್ನು ತೋರಿಸುವುದಿಲ್ಲ. ಆ ಟಿಕ್ ತೆಗೆಯಿರಿ, ಪಿನ್‌ಯಿನ್ ಅಂತ ಹುಡುಕಿ, ಎಡಕ್ಕೆ ಕಳಿಸಿ. ಎಡ ಪಟ್ಟಿಯಲ್ಲಿ ಇಂಗ್ಲಿಷ್ ಕೀಬೋರ್ಡ್ ಮೇಲೆ, ಪಿನ್‌ಯಿನ್ ಅದರ ಕೆಳಗೆ ಇರಲಿ. ಬೇರೆ ಭಾಷೆ ಸೇರಿಸಲು ಬಂದವರಿಗೆ ಬೇರೆ ಭಾಷೆಯನ್ನೇ ಮುಚ್ಚಿಡುವುದು ಯಾವ ಸೀಮೆ ಬುದ್ಧಿಯೋ ಗೊತ್ತಿಲ್ಲ. ಈ ಒಂದು ಟಿಕ್‌ಗಾಗಿಯೇ ನಾನು ಒಂದು ಸ್ಟಾರ್ ಕಡಿಮೆ ಕೊಡುತ್ತಿರುವುದು.

ಕೆಡಿಇಯಲ್ಲಿ, ಅದರಲ್ಲೂ ವೇಲ್ಯಾಂಡ್ (ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಹೊಸ ವ್ಯವಸ್ಥೆ) ಇದ್ದರೆ, ಫೈಟಿಕ್ಸ್ ಆರಿಸುವ ಜಾಗ ‘ವರ್ಚುವಲ್ ಕೀಬೋರ್ಡ್’ ಅನ್ನುವ ಸೆಟ್ಟಿಂಗ್ ಒಳಗಿದೆ. ಅಲ್ಲಿ ಹುಡುಕಬೇಕು ಅಂತ ಯಾರಿಗೆ ಹೊಳೆಯುತ್ತದೆ ಹೇಳಿ.

ಇಷ್ಟು ಆದಮೇಲೆ ಮಾತ್ರ ಮಜಾ ಬರುತ್ತದೆ. ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿ ಚೀನೀಗೆ ಬನ್ನಿ. ಎನ್, ಐ, ಎಚ್, ಎ, ಒ ಒತ್ತಿ. ಕರ್ಸರಿನ ಅಡಿಗೆ ಉದ್ದನೆಯ ಪಟ್ಟಿ, ಮೊದಲನೆಯದೇ ‘ನಿ ಹಾವ್’ನ ಎರಡು ಅಕ್ಷರ. ಸ್ಪೇಸ್ ಒತ್ತಿದರೆ ಬಿತ್ತು. ಎರಡನೆಯದು ಬೇಕಾದರೆ 2 ಒತ್ತಿ. ಸ್ವಲ್ಪ ರೂಢಿಯಾದ ಮೇಲೆ ಬರೀ ಎನ್, ಎಚ್ ಒತ್ತಿದರೂ ಅದೇ ಬರುತ್ತದೆ. ಸ್ವರದ ಏರಿಳಿತ, ಅದೇ ಆ ನಾಲ್ಕು ಟೋನ್, ಹಾಕುವುದೇ ಬೇಡ. ಆದರೆ ‘ಶಿ’ ಅಂತ ಒಂದೇ ಒಂದು ಒತ್ತಿ ನೋಡಿ. ‘ಹತ್ತು’ ಅನ್ನುವ ಅಕ್ಷರವೂ ಅದೇ, ‘ಸಮಯ’ವೂ ಅದೇ, ‘ವಿಷಯ’ವೂ ಅದೇ, ಪುಟದ ಮೇಲೆ ಪುಟ. ಅದಕ್ಕೇ ಒಂದೊಂದೇ ಅಕ್ಷರ ಒತ್ತಬೇಡಿ, ಪೂರ್ತಿ ಪದ, ಸಾಧ್ಯವಾದರೆ ಪೂರ್ತಿ ವಾಕ್ಯವನ್ನೇ ಒಟ್ಟಿಗೆ ಒತ್ತಿ. ಅಕ್ಕಪಕ್ಕದ ಪದ ನೋಡಿ ಅದೇ ಊಹಿಸುತ್ತದೆ. ಈ ಊಹೆಯಲ್ಲಿ ನನಗೆ ಫೈಟಿಕ್ಸ್ ಒಂದು ಕೈ ಮೇಲೆ ಅನ್ನಿಸಿತು. ನೀವು ಆರಿಸಿದ್ದನ್ನು ಬೇಗ ನೆನಪಿಟ್ಟುಕೊಳ್ಳುತ್ತದೆ.

ಶಿಯಾನ್ ಊರಿನ ಹೆಸರು ಒತ್ತುವಾಗ ಎಕ್ಸ್, ಐ ಆದಮೇಲೆ ಒಂದು ಅಪಾಸ್ಟ್ರಫಿ ಹಾಕಿ ಎ, ಎನ್ ಒತ್ತಿ. ಇಲ್ಲದಿದ್ದರೆ ನಾಲ್ಕೂ ಸೇರಿ ಒಂದೇ ಅಕ್ಷರ ಅಂದುಕೊಳ್ಳಬಹುದು. ಮೇಲೆ ಎರಡು ಚುಕ್ಕೆ ಇರುವ ಯು ಎಲ್ಲಿದೆ ಅಂತ ಅಕ್ಕನ ಮಗಳು ಇಡೀ ಕೀಬೋರ್ಡ್ ತಡಕಾಡಿದಳು. ಅದಕ್ಕೆ ವಿ ಒತ್ತಬೇಕು, ಪಿನ್‌ಯಿನ್‌ನಲ್ಲಿ ವಿಗೆ ಬೇರೆ ಕೆಲಸ ಇಲ್ಲ. ಹೆಣ್ಣು ಅನ್ನುವ ಅಕ್ಷರ ಬೇಕಾದರೆ ಎನ್, ವಿ.

‘ಫಜಿ ಪಿನ್‌ಯಿನ್’ ಅಂತ ಒಂದು ಸೌಲಭ್ಯ ಇದೆ. ಆನ್ ಮಾಡಿದರೆ ಜೆಡ್ ಮತ್ತು ಜೆಡ್‌ಎಚ್, ಎಸ್ ಮತ್ತು ಎಸ್‌ಎಚ್, ಕೊನೆಯ ಎನ್ ಮತ್ತು ಎನ್‌ಜಿ, ಇವುಗಳ ಭೇದ ಮಾಡುವುದಿಲ್ಲ. ವ್ಯಾಪಾರದವರು ಆನ್ ಮಾಡಿಕೊಳ್ಳಿ, ಕೆಲಸ ಆದರೆ ಸಾಕು. ಕಲಿಯುವ ಮಕ್ಕಳಿಗೆ ಬೇಡವೇ ಬೇಡ, ತಪ್ಪು ಉಚ್ಚಾರವೇ ಗಟ್ಟಿಯಾಗಿಬಿಡುತ್ತದೆ.

ನಮ್ಮ ಕಡೆಯವರಿಗೆ ಇದರ ದೊಡ್ಡ ಗುಣ ಬೇರೆಯೇ ಇದೆ: ನೆಟ್ ಬೇಡ. ಜುಲೈ ತಿಂಗಳಲ್ಲಿ ಘಟ್ಟದ ಮೇಲೆ ಮಳೆ ಹಿಡಿದರೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಬ್ಯಾಟರಿ ಇರುವವರೆಗೆ ಇದು ನಡೆಯುತ್ತದೆ, ಪದಗಳೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ. ‘ಕ್ಲೌಡ್ ಪಿನ್‌ಯಿನ್’ ಅಂತ ಒಂದು ಆಯ್ಕೆ ಇದೆ, ನೀವು ಒತ್ತಿದ್ದನ್ನು ಹೊರಗಿನ ಸರ್ವರಿಗೆ ಕಳಿಸಿ ಕೇಳುತ್ತದೆ. ಅದು ಆಫ್ ಆಗಿಯೇ ಇರಲಿ. ಇನ್‌ಸ್ಟಾಲ್ ಮಾಡುವಾಗ ಮಾತ್ರ ಒಳ್ಳೆಯ ನೆಟ್ ಬೇಕು, ಯಾಕೆಂದರೆ ಫಾಂಟ್ ದೊಡ್ಡದು. ಗೂಗಲ್ ಮತ್ತು ಅಡೋಬಿ ಸೇರಿ 2014ರಲ್ಲಿ ಹೊರತಂದ ನೋಟೋ ಸಿಜೆಕೆ (ಚೀನೀ, ಜಪಾನೀ, ಕೊರಿಯನ್ ಫಾಂಟ್) ಹಾಕಿಕೊಳ್ಳಿ, ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳೇ ಕಾಣಬಹುದು. ಒಂದೇ ಅಕ್ಷರವನ್ನು ಜಪಾನಿನವರು ಸ್ವಲ್ಪ ಬೇರೆ ಬರೆಯುತ್ತಾರೆ. ಸೆಟ್ಟಿಂಗ್ ಸರಿ ಇಲ್ಲದಿದ್ದರೆ ಆ ರೂಪ ತೋರಿಸುತ್ತದೆ, ಅದನ್ನೇ ನೋಡಿ ಕೈಯಲ್ಲಿ ಬರೆದರೆ ಟೀಚರ್ ಕೆಂಪು ಗೆರೆ ಎಳೆಯುತ್ತಾರೆ. ಫಾಂಟ್ ಪಟ್ಟಿಯಲ್ಲಿ ಹೆಸರಿನ ಕೊನೆಗೆ ‘ಎಸ್‌ಸಿ’ (ಸರಳೀಕೃತ ಚೀನೀ) ಇರುವುದನ್ನೇ ಆರಿಸಿ.

ಇನ್ನೊಂದು ಕಿರಿಕಿರಿ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಅಡಿಕೆ ಲೆಕ್ಕ ಇಡುವವರು ಇದ್ದೀರಿ ಅಲ್ವಾ, ಅಲ್ಲಿ ಕಂಟ್ರೋಲ್ ಸ್ಪೇಸ್ ಅಂದರೆ ಇಡೀ ಕಾಲಂ ಆರಿಸುವುದು. ಫೈಟಿಕ್ಸ್ ಬಂದಮೇಲೆ ಕಾಲಂ ಬದಲು ಭಾಷೆ ಬದಲಾಗುತ್ತದೆ. ಫೈಟಿಕ್ಸ್ ಕಾನ್ಫಿಗರೇಶನ್‌ನ ಗ್ಲೋಬಲ್ ಆಪ್ಷನ್ಸ್‌ನಲ್ಲಿ ಆ ಕೀ ಬದಲಿಸಿಕೊಳ್ಳಿ. ಚೀನೀ ಪೂರ್ಣವಿರಾಮ ಅಂದರೆ ಪುಟ್ಟ ಸೊನ್ನೆ. ಅದು ಬೇಡವಾದಾಗ ಕಂಟ್ರೋಲ್ ಮತ್ತು ಚುಕ್ಕೆ ಒತ್ತಿದರೆ ನಮ್ಮ ಚುಕ್ಕೆ ವಾಪಸ್ ಬರುತ್ತದೆ.

ಕನ್ನಡಕ್ಕೂ ಇದೇ ಸಾಕು. ಅದೇ ಎಡ ಪಟ್ಟಿಗೆ ‘ಕನ್ನಡ ಕಗಪ’ ಸೇರಿಸಿದರೆ ನುಡಿಯಲ್ಲಿ ಕೈ ಪಳಗಿದವರಿಗೆ ಹೊಸದಾಗಿ ಕಲಿಯುವ ಕೆಲಸ ಜಾಸ್ತಿ ಇಲ್ಲ. ಇಂಗ್ಲಿಷ್, ಕನ್ನಡ, ಚೀನೀ, ಮೂರೂ ಒಂದೇ ಕಡೆ.

ಫೈಟಿಕ್ಸ್ 5ಕ್ಕೆ ಐದಕ್ಕೆ ನಾಲ್ಕು, ಐಬಸ್‌ಗೆ ಮೂರೂವರೆ. ಲ್ಯಾಪ್‌ಟಾಪ್ ಬದಲಿಸುವವರು ಒಂದು ಕೆಲಸ ಮಾಡಿ: ಹೋಮ್ ಫೋಲ್ಡರಿನಲ್ಲಿ ಮರೆಯಾಗಿರುವ ‘ಲೋಕಲ್’, ಅದರೊಳಗೆ ‘ಶೇರ್’, ಅದರೊಳಗಿನ ಫೈಟಿಕ್ಸ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಇಷ್ಟು ದಿನ ನಿಮ್ಮಿಂದ ಅದು ಕಲಿತ ಪದಗಳೆಲ್ಲ ಅಲ್ಲೇ ಇರುತ್ತವೆ.