ಮಾಲ್ಗುಡಿ, ಮೋಗ್ಲಿ, ಶಕ್ತಿಮಾನ್: ಮಗಳ ಜೊತೆ ಮತ್ತೆ ನೋಡಿದಾಗ

ಕಳೆದ ಬೇಸಿಗೆಯಲ್ಲಿ ಎಂಟುನೂರು ರೂಪಾಯಿ ಕೊಟ್ಟು ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಡಿವಿಡಿಗಳನ್ನು ತರಿಸಿದೆ. ನನ್ನ ಬಾಲ್ಯವನ್ನು ಎಂಟು ವರ್ಷದ ಮಗಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯದು ಸಿಗಲಿಲ್ಲ.

ಕಾಡಿನಲ್ಲಿ ಬೆಳೆದ ಹುಡುಗ ಮೋಗ್ಲಿಯ ‘ಜಂಗಲ್ ಬುಕ್’ ಕಾರ್ಟೂನ್ ಕೂಡ ಕಡಿಮೆಯದಲ್ಲ. ಜಪಾನಿನಲ್ಲಿ ತಯಾರಾದ ಅದು 1993ರಲ್ಲಿ ದೂರದರ್ಶನಕ್ಕೆ ಬಂದಾಗ, ಭಾನುವಾರ ಅಣ್ಣ ಮಾಡು ಹತ್ತಿ ಆಂಟೆನಾ ತಿರುಗಿಸುತ್ತಿದ್ದ. ನಾನು ಜಗುಲಿಯಿಂದ ‘ಬಂತು, ಹೋಯಿತು’ ಎಂದು ಕೂಗುತ್ತಿದ್ದೆ. ಹುಲಿ ಶೇರ್ ಖಾನನಿಗೆ ನಟ ನಾನಾ ಪಾಟೇಕರ್ ಕೊಟ್ಟ ಹಿಂದಿ ದನಿ ಅರ್ಥವಾಗದೆಯೂ ಹೆದರಿಸುತ್ತಿತ್ತು. ಮೊಬೈಲಿನಲ್ಲಿ ನೋಡಿದ ಮಗಳು ಮೂರು ದಿನ ಪೇರಲೆ ಮರ ಬಿಟ್ಟು ಇಳಿಯಲಿಲ್ಲ. ಆದರೆ ಮಳೆ ಹಿಡಿದರೆ ಶಿರಸಿಯ ನಮ್ಮ ಹಳ್ಳಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ.

‘ಶಕ್ತಿಮಾನ್’ ತಮ್ಮನ ಪಾಲಿನದು. 1997ರಲ್ಲಿ ಅದು ಶುರುವಾದಾಗ ನಾನು ಕಾಲೇಜು ಸೇರಿಯಾಗಿತ್ತು.

ಮಾಲ್ಗುಡಿಯ ಮಾತೇ ಬೇರೆ. ನಿರ್ದೇಶಿಸಿದ ಶಂಕರ್ ನಾಗ್ ನಮ್ಮ ಹೊನ್ನಾವರದವರು. ಅದರ ಕಥಾನಾಯಕನಾದ ಹುಡುಗ ಸ್ವಾಮಿಯ ಅಪ್ಪನಾಗಿ ನಟಿಸಿದ ಗಿರೀಶ ಕಾರ್ನಾಡರು ಬಾಲ್ಯ ಕಳೆದದ್ದು ಶಿರಸಿಯಲ್ಲಿ. ಚಿತ್ರೀಕರಣ ಹೆಚ್ಚಾಗಿ ಆಗುಂಬೆಯಲ್ಲಿ. ಮಾತು ಹಿಂದಿಯಾದರೂ ಆ ಕಂಬದ ಜಗುಲಿ, ಹೆಂಚಿನ ಮಾಡು ನಮ್ಮವೇ ಅನ್ನಿಸುತ್ತಿದ್ದವು. ರೈಲೇ ಇಲ್ಲದ ಊರಿನ ನಾನು ಮಾಲ್ಗುಡಿಯ ರೈಲು ನಿಲ್ದಾಣವನ್ನು ನಮ್ಮ ತೋಟದಾಚೆ ಎಲ್ಲೋ ಇದೆಯೆಂದೇ ನಂಬಿದ್ದೆ. ಮಗಳು ಸ್ವಾಮಿಯ ಕ್ರಿಕೆಟ್ ತಂಡ ನೋಡಿದ ಮರುದಿನವೇ ತೆಂಗಿನ ಮಡಲಿನ ದಿಂಡನ್ನು ಬ್ಯಾಟು ಮಾಡಿಕೊಂಡಳು.

ತೊಂದರೆ ಒಂದೇ, ಬೂಷ್ಟು. ಜುಲೈನಲ್ಲಿ ಪೆಟ್ಟಿಗೆ ತೆರೆದರೆ ಡಿವಿಡಿಗಳ ಮೇಲೆ ಬೂದಿ ಉದುರಿಸಿದಂತೆ ಬಿಳಿ ಚುಕ್ಕೆಗಳು. ಸ್ವಾಮಿ ಬಾಯಿ ತೆರೆಯುತ್ತಾನೆ, ಚಿತ್ರ ಅಲ್ಲೇ ನಿಲ್ಲುತ್ತದೆ. ಮಗಳು ಅಳು ನುಂಗಿಕೊಂಡು ಕುಳಿತದ್ದನ್ನು ನೋಡಲಾಗಲಿಲ್ಲ.

ನಾನು ಮೊದಲು ಸುತ್ತಲೂ ತಿರುಗಿಸಿ ಒರೆಸಿದೆ, ಗೀರು ಬಿದ್ದವು. ಒರೆಸಬೇಕಾದದ್ದು ನಡುವಿನಿಂದ ಅಂಚಿಗೆ, ನೇರವಾಗಿ, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ. ಆಯಿ ಅವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಲು ಹೇಳಿದರು. ಬೆಚ್ಚಗಿರುತ್ತದೆ ನಿಜ, ಹೊಗೆ ಬಿಡಬೇಕಲ್ಲ! ಕೊನೆಗೆ ಗಾಳಿಯಾಡದ ಡಬ್ಬಿಯ ತಳದಲ್ಲಿ ಹುರಿದು ಆರಿಸಿದ ಅಕ್ಕಿಯ ಗಂಟು ಇಟ್ಟು ಅದರಲ್ಲಿ ಮುಚ್ಚಿಟ್ಟೆ. ಎರಡು ಡಿವಿಡಿ ಮಾತ್ರ ಉಳಿಯಲಿಲ್ಲ.

ಹೀಗಿದ್ದರೂ ಮಾಲ್ಗುಡಿಯೇ ಇರಲಿ. ನಮ್ಮಲ್ಲಿ ಟಿ.ವಿ. ಹಚ್ಚುವುದು ದೀಪ ಹಚ್ಚಿದ ಮೇಲೆ, ಊಟಕ್ಕೆ ಮೊದಲು. ಒಂದು ಕಂತಿಗೆ ಆ ಹೊತ್ತು ಸಾಕು. ಕಳೆದುಹೋದ ಕಂತುಗಳ ಕಥೆಯನ್ನು ಈಗ ರಾತ್ರಿ ನಾನೇ ಹೇಳುತ್ತಿದ್ದೇನೆ, ಕನ್ನಡದಲ್ಲಿ.